ಕಂಪ್ಲಿಯ ಅಂಗಳದಲ್ಲಿದ್ದ ಇಂಜಿನ್

ನನ್ನ ಗಂಡ ಬಿದ್ದು ನಾಲ್ಕೈದು ತಿಂಗಳಾಗಿತ್ತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಕ್ರೇನ್ ನಡೆಸುತ್ತಿದ್ದರು. ಪಾಳಿ ಮುಗಿಸಿ ಬೈಕಿನಲ್ಲಿ ಹೊಸಪೇಟೆಗೆ ಬರುವಾಗ, ಪಾಪಿನಾಯಕನಹಳ್ಳಿ ದಾಟಿದ ಮೇಲೆ, ಎಮ್ಮೆಯೊಂದು ಅಡ್ಡ ಬಂತು. ಎಮ್ಮೆಗೆ ಏನೂ ಆಗಲಿಲ್ಲ. ಇವರ ಬೆನ್ನುಮೂಳೆ ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. ಸೊಂಟದಿಂದ ಕೆಳಗೆ ಮಾತ್ರ ಜೀವ ಬರಲಿಲ್ಲ.

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ನರ ಪೂರಾ ಹರದಿಲ್ರಿ. ಬೆಂಗಳೂರಾಗ ಇಂಥವ್ರ ಸಲುವಾಗೇ ಒಂದು ಕೇಂದ್ರ ಐತಿ. ಅಲ್ಲೇ ಇಟ್ಕೊಂಡು ದಿನಾ ವ್ಯಾಯಾಮ ಮಾಡಸ್ತಾರ. ಮೊದಲನೇ ವರ್ಷದಾಗ ಎಷ್ಟು ಬರ್ತೈತೋ ಅಷ್ಟು. ಆಮ್ಯಾಲ ಬರೋದು ಕಡಿಮಿ."

ಗ್ಯಾರಂಟಿ ಏನೂ ಇಲ್ಲ ಎಂದೂ ಅವರು ಹೇಳಿದ್ದರು. ನನ್ನ ಕಿವಿಯಲ್ಲಿ ಉಳಿದದ್ದು ಮೊದಲನೇ ವರ್ಷ ಎಂಬ ಮಾತು ಮಾತ್ರ. ಅಲ್ಲಿಂದ ಮುಂದೆ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿಯುವುದಕ್ಕೇ ನನಗೆ ಭಯವಾಗತೊಡಗಿತು. ಕೊರಳಲ್ಲಿದ್ದದ್ದು, ಕೈಯಲ್ಲಿದ್ದದ್ದು ಹುಬ್ಬಳ್ಳಿಯಲ್ಲೇ ಕರಗಿತ್ತು. ಪಾಳಿ ಮುಗಿದ ಮೇಲೆ ಆದ ಅಪಘಾತ, ಕೆಲಸದ ಮೇಲೆ ಆದದ್ದಲ್ಲ. ಹಾಗಾಗಿ ಪರಿಹಾರ ಕೇಳಲು ನಮಗೊಂದು ಬಾಗಿಲೂ ಇರಲಿಲ್ಲ. ಬೆಂಗಳೂರಿನ ಕೇಂದ್ರಕ್ಕೆ ಫೋನ್ ಮಾಡಿ ತಿಂಗಳಿಗೆ ಎಷ್ಟಾಗುತ್ತದೆಂದು ಕೇಳಿದೆ. ಅವರು ಹೇಳಿದ್ದನ್ನು ಕೇಳಿ, "ಆಯ್ತ್ರಿ, ಹೇಳ್ತೀನ್ರಿ," ಎಂದು ಫೋನ್ ಇಟ್ಟೆ.

ನಾನು ಕಡ್ಡಿರಾಂಪುರದ ರಸ್ತೆಬದಿಯ ಒಂದು ಹೋಂಸ್ಟೇಯಲ್ಲಿ ಕೆಲಸ ಮಾಡುತ್ತೇನೆ. ಬಂದವರ ಊಟ-ತಿಂಡಿಯ ವ್ಯವಸ್ಥೆ ನನ್ನದು. ಬೆಳಿಗ್ಗೆ ಗಂಡನ ಮೈ ಒರೆಸಿ, ಉಣಿಸಿ, ಪಕ್ಕದ ಮನೆಯ ಅಕ್ಕನಿಗೆ ಒಪ್ಪಿಸಿ ಬಸ್ಸು ಹತ್ತುತ್ತಿದ್ದೆ. ಆ ಚಳಿಗಾಲದಲ್ಲಿ ಬೆಂಗಳೂರಿನಿಂದ ಹಳೆಯ ಮೋಟಾರ್ ಸೈಕಲ್ಲುಗಳ ತಂಡವೊಂದು ಹಂಪಿ ನೋಡಲು ಬಂದು ನಮ್ಮ ಹೋಂಸ್ಟೇಯಲ್ಲೇ ಇಳಿಯಿತು. ಅಂಗಳದ ತುಂಬ ಗಾಡಿಗಳು ನಿಂತವು, ಎಲ್ಲವೂ ನನಗಿಂತ ಹಿರಿಯವು. ಬಾಳೆತೋಟಕ್ಕೆ ಹೊರಟಿದ್ದ ಹೆಣ್ಣಾಳುಗಳು ಬೇಲಿಯ ಹತ್ತಿರ ನಿಂತುಬಿಟ್ಟರು. ವಿರೂಪಾಕ್ಷನ ಗೋಪುರದ ಫೋಟೊ ತೆಗೆಯಲು ಹೊರಟಿದ್ದ ವಿದೇಶಿ ಜೋಡಿಯೊಂದು ಅದನ್ನು ಮರೆತು ಗಾಡಿಗಳ ಫೋಟೊ ತೆಗೆಯುತ್ತ ಕುಳಿತಿತು. ಎಂಥೆಂಥ ಹೊಸ ಕಾರುಗಳು ಬಂದು ನಿಂತ ಅಂಗಳ ಅದು. ಜನ ಹೀಗೆ ಸುತ್ತುಗಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಅವರಲ್ಲೊಬ್ಬರು ಹಿರಿಯರು. ಬ್ಯಾಂಕಿನಿಂದ ನಿವೃತ್ತರಾದವರಂತೆ. ತಿಂಡಿಗೂ ಬರದೆ ತಮ್ಮ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಬಟ್ಟೆಯಿಂದ ಒರೆಸುತ್ತಿದ್ದರು. ನಾನು ಚಹಾವನ್ನು ಅಲ್ಲಿಗೇ ಒಯ್ದೆ.

"ಸರ್, ತಿಂಡಿ ಆರತೈತ್ರಿ."

"ಬರ್ತೀನಮ್ಮ. ಮುಳ್ಳಯ್ಯನಗಿರಿ ಹತ್ತಿಸಿದ್ರೂ ದೂರು ಹೇಳದೆ ಬರೋ ಗಾಡಿ ಇದು, ಒಂದು ಹತ್ತು ನಿಮಿಷ ಕೊಟ್ರೆ ತಪ್ಪಿಲ್ಲ," ಎಂದು ನಕ್ಕರು.

ಆ ಗಾಡಿಯ ಮುಂದಿನ ಚಕ್ರದ ಮೇಲೆ, ಹ್ಯಾಂಡಲಿನ ಕೆಳಗೆ, ದಪ್ಪನೆಯ ಒಂದು ಸ್ಪ್ರಿಂಗ್ ಇತ್ತು. ಅದನ್ನು ನೋಡಿ ಬಾಯಿ ತಪ್ಪಿ ಬಂತು: "ಮುಂದ ಹಿಂಗ ಸ್ಪ್ರಿಂಗ್ ಇರೋ ಗಾಡಿ ನಮ್ಮನಿಯಾಗೂ ಒಂದೈತ್ರಿ."

ಅವರು ಚಹಾದ ಲೋಟ ನೆಲಕ್ಕಿಟ್ಟರು.

ಆ ಗಾಡಿ ನನ್ನ ಮಾವನದು. ಅವರು ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಬಿಳಿಯ ಎಂಜಿನಿಯರೊಬ್ಬರ ಡ್ರೈವರಾಗಿದ್ದರು. ಆತ ತನ್ನ ದೇಶಕ್ಕೆ ಹೊರಟಾಗ ಗಣಿಯಲ್ಲಿದ್ದ ಎರಡು ಮೋಟಾರ್ ಸೈಕಲ್ಲುಗಳಲ್ಲಿ ಒಂದನ್ನು ಮಾವನ ಹೆಸರಿಗೆ ಬರೆದು ಹೋದ. ಮಾವ ತೀರಿಕೊಂಡ ಮೇಲೆ ಅದು ನನ್ನ ಗಂಡನದಾಯಿತು. ಕೆಲಸಕ್ಕೆ ಅದನ್ನು ಒಯ್ಯುತ್ತಿರಲಿಲ್ಲ. ಭಾನುವಾರ ಬಂತೆಂದರೆ ಇವರು ಅದರ ಮುಂದೆ ಕುಳಿತರೆ ಊಟಕ್ಕೆ ಮೂರು ಸಲ ಕರೆಯಬೇಕು. ಮದುವೆಯಾದ ಹೊಸತರಲ್ಲಿ ಅದರ ಮೇಲೆಯೇ ನನ್ನನ್ನು ಹಂಪಿಗೆ ಕರೆದೊಯ್ದಿದ್ದರು. ಇವರು ಬಿದ್ದ ಮೇಲೆ ಅದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಾಡಪಾಲಿನೊಳಗೆ ನಿಂತಿತ್ತು. ಗುಜರಿಯವನೊಬ್ಬ ಬಂದು ಕಬ್ಬಿಣದ ತೂಕಕ್ಕೆ ಕೇಳಿಹೋಗಿದ್ದ.

ಆ ಹಿರಿಯರು ಅಂದು ಮಧ್ಯಾಹ್ನವೇ ಹೊಸಪೇಟೆಗೆ ನಮ್ಮ ಮನೆಗೆ ಬಂದರು. ಹಾಸಿಗೆಯಲ್ಲಿದ್ದ ನನ್ನ ಗಂಡನಿಗೆ ಕೈಮುಗಿದು, ಎರಡು ಮಾತಾಡಿ ಹಿತ್ತಲಿಗೆ ಬಂದರು. ನಾನು ತಾಡಪಾಲು ಸರಿಸಿದೆ. ಅವರು ಟ್ಯಾಂಕಿನ ಮೇಲೆ ಕೈಯಾಡಿಸಿದರು. ಬಣ್ಣ ಅಲ್ಲಲ್ಲಿ ಹಾರಿ ಒಳಗಿನ ಲೋಹ ಕಾಣುತ್ತಿತ್ತು. ನನಗೆ ಸಂಕೋಚವಾಗಿ, "ಬಣ್ಣ ಹೊಡಿಸಿ ಕೊಡ್ತೀವ್ರಿ," ಎಂದೆ.

"ಅಯ್ಯೋ, ಬೇಡಮ್ಮ. ಧೂಳೂ ಒರೆಸಬೇಡಿ. ಇದು ಕಾರ್ಖಾನೆಯಿಂದ ಬಂದಾಗಿನ ಬಣ್ಣ. ಹೊಸ ಬಣ್ಣ ಹೊಡೆದ ದಿನ ಇದರ ಬೆಲೆ ಅರ್ಧ ಆಗುತ್ತೆ. ನಮ್ಮ ಜನ ದುಡ್ಡು ಕೊಡೋದು ಹೊಳಪಿಗಲ್ಲ, ಯಾರೂ ಕೈ ಹಾಕಿಲ್ಲ ಅನ್ನೋದಕ್ಕೆ."

ಆಮೇಲೆ ಅವರು ಮೊಣಕಾಲೂರಿ ಕುಳಿತು ಇಂಜಿನ್ ನೋಡಿದರು. ನೋಡುತ್ತ ನೋಡುತ್ತ ಮುಖ ಇಳಿಯಿತು. ಆರ್‌ಸಿ ಪುಸ್ತಕ ಕೇಳಿದರು. ಅದರಲ್ಲಿದ್ದ ನಂಬರನ್ನೂ ಇಂಜಿನ್ನಿನ ಮೇಲಿದ್ದ ನಂಬರನ್ನೂ ನೋಡಿ ಎದ್ದು ನಿಂತರು.

"ಈ ಇಂಜಿನ್ ಇದರದ್ದಲ್ಲ. ನಮ್ಮ ದೇಶದ್ದೇ ಬೇರೆ ಯಾವುದೋ ಗಾಡಿದು ತಂದು ಕೂರಿಸಿದ್ದಾರೆ."

"ಅದ್ರಿಂದ ಏನಾಗತೈತ್ರಿ? ಓಡತೈತಲ್ರಿ."

"ಓಡೋದು ಮುಖ್ಯ ಅಲ್ಲಮ್ಮ," ಎಂದು ಅವರು ತಾಳ್ಮೆಯಿಂದಲೇ ಹೇಳಿದರು. "ಓಡೋ ಗಾಡಿ ಬೇಕಂದ್ರೆ ಶೋರೂಮಿಗೆ ಹೋಗಬಹುದು. ಒಟ್ಟಿಗೆ ಹುಟ್ಟಿದ ಚಾಸಿಸ್ಸು, ಇಂಜಿನ್ನು ಒಟ್ಟಿಗೇ ಉಳಿದಿದ್ರೆ ಅದಕ್ಕೊಂದು ಬೆಲೆ. ಬೇರೆ ಆದ್ರೆ ಇನ್ನೊಂದು."

ಎರಡೂ ಬೆಲೆಗಳನ್ನು ಹೇಳಿದರು. ನಾನು ಅದನ್ನು ರೂಪಾಯಿಯಲ್ಲಿ ಕೇಳಿಸಿಕೊಳ್ಳಲಿಲ್ಲ. ತನ್ನ ಇಂಜಿನ್ ಇದ್ದರೆ ಬೆಂಗಳೂರಿನ ಕೇಂದ್ರದಲ್ಲಿ ಒಂದು ವರ್ಷಕ್ಕೂ ಮಿಕ್ಕುವಷ್ಟು. ಇಲ್ಲದಿದ್ದರೆ ಒಂದೆರಡು ತಿಂಗಳು. ಮನಸ್ಸು ತಾನಾಗಿ ಹಾಗೆಯೇ ಲೆಕ್ಕ ಹಾಕಿತು.

"ಅದರ ಇಂಜಿನ್ ಎಲ್ಲಿದೆ ಅಂತ ಹುಡುಕಿ. ಸಿಕ್ಕರೆ ಯಾವಾಗ ಬೇಕಾದರೂ ಫೋನ್ ಮಾಡಿ, ಬರ್ತೀನಿ," ಎಂದು ಹೊರಟರು.

ನಾನು ಒಳಗೆ ಬಂದೆ. ಹಿತ್ತಲಿನ ಕಿಟಕಿ ತೆರೆದಿದ್ದರಿಂದ ಇವರಿಗೆ ಎಲ್ಲ ಕೇಳಿಸಿತ್ತು. ಗೋಡೆಯ ಕಡೆ ಮುಖ ಮಾಡಿದ್ದರು.

"ಮಾರೂದಂದ್ರ ಬ್ಯಾಸರ ಮಾಡ್ಕೋತೀರೇನು?" ಎಂದು ಕೇಳಿದೆ.

"ನನ್ನ ಕಾಲಿಗಿಂತ ದೊಡ್ಡದಲ್ಲ ಅದು," ಎಂದರು. ಆಮೇಲೆ, "ನಾ ಸಣ್ಣಾಂವ ಇದ್ದಾಗ ಇಂಜಿನ್ ಜಾಮ್ ಆಗಿತ್ತು. ಅಪ್ಪ ಸಂಡೂರಾಗ ಚಾಚಾನ ಕಡೆ ಬಿಟ್ಟು ಬ್ಯಾರೆ ಇಂಜಿನ್ ಹಾಕಿಸಿದ. ಹಳೇದು ಅಲ್ಲೇ ಬಿಟ್ಟು ಬಂದ್ವಿ. ಚಾಚಾ ಅದಾನೋ ಇಲ್ಲೋ," ಎಂದರು.

ಚಾಚಾ ಎಂದರೆ ಗಣಿಯ ಗಾಡಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ನಾನು ಮರುದಿನವೇ ಸಂಡೂರಿನ ಬಸ್ಸು ಹತ್ತಿದೆ. ಘಾಟಿನ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ರಸ್ತೆ ಬದಿಯ ಗಿಡಗಳ ಎಲೆಗಳೆಲ್ಲ ಕೆಂಪು. ಸಂಡೂರಿನಲ್ಲಿ ನಾಲ್ಕಾರು ಗ್ಯಾರೇಜುಗಳಲ್ಲಿ ಕೇಳಿಕೊಂಡು ಹೋದ ಮೇಲೆ ಮಗಳ ಮನೆಯ ಜಗುಲಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಚಾಚಾ ಸಿಕ್ಕರು. ಕಣ್ಣು ಮಂಜಾಗಿತ್ತು, ಮಾತು ಚೆನ್ನಾಗಿತ್ತು. ಮಾವನ ಹೆಸರು ಹೇಳುತ್ತಲೇ ನನ್ನ ಕೈ ಹಿಡಿದು ಕೂರಿಸಿಕೊಂಡರು.

"ಕುಂದ್ರು ಬೇಟಿ. ನಿಮ್ಮ ಮಾವ ಭಾಳ ಮಸ್ತ್ ಮನಷ್ಯಾ. ಗಾಡಿ ಐತೇನು ಇನ್ನಾ?"

ನಾನು ಬಂದ ಕಾರಣ ಹೇಳಿದೆ. ಗಂಡನ ಸಂಗತಿಯನ್ನೂ ಹೇಳಿದೆ.

"ಗಣಿಯಾಗಿನ ಆ ಎರಡೂ ಗಾಡಿ ಇಂಜಿನ್ ನನ್ನ ಕಡೆ ಇದ್ದವು. ಒಂದು ಪೂರಾ ಸೀಜ್ ಆಗಿತ್ತು, ಗುಜರಿಗೆ ಹೋತು. ಇನ್ನೊಂದು ರಿಪೇರಿ ಮಾಡಿ ಇಟ್ಟಿದ್ದೆ. ಕಂಪ್ಲಿ ಹುಡುಗ ಒಬ್ಬ ಬಂದು ಒಯ್ದ. ಅಂಬಿಗರ ಪೈಕಿ. ಹೊಳಿಯಾಗ ಮೋಟಾರ್ ದೋಣಿ ಮಾಡ್ತೀನಿ ಅಂದ. ಹುಚ್ಚಲೇ ನೀ ಅಂತ ನಕ್ಕು ಕೊಟ್ಟೆ."

"ಅದು ನಮ್ಮ ಮಾವಂದೇ ಏನ್ರಿ ಚಾಚಾ?"

"ನಿಮ್ಮ ಮಾವಂದೇ ಇರಬೇಕು," ಎಂದರು. ಆಮೇಲೆ ತಲೆಯಲ್ಲಾಡಿಸಿ, "ಇರಬೇಕು ಬೇಟಿ. ಖರೇ ಹೇಳಬೇಕಂದ್ರ ನೆಪ್ಪಿಲ್ಲ," ಎಂದರು.

ನಾನು ಮೊದಲನೆಯ ಮಾತನ್ನಷ್ಟೇ ಕಟ್ಟಿಕೊಂಡು ಬಂದೆ.

ಕಂಪ್ಲಿಯ ಕೋಟೆಯ ಕಡೆ, ಹೊಳೆಯ ದಂಡೆಗೆ ಹತ್ತಿರದಲ್ಲಿ ಅಂಬಿಗರ ಮನೆಗಳಿವೆ. ಮೋಟಾರ್ ದೋಣಿ ಎಂದು ಕೇಳಿದ್ದೇ ತಡ, ಜನ ಕೈಮಾಡಿ ಒಂದು ಮನೆ ತೋರಿಸಿದರು. ಅಂಗಳದ ಗೋಡೆಗೆ ಹರಿಗೋಲೊಂದನ್ನು ಬೋರಲು ಹಾಕಿ ಒರಗಿಸಿದ್ದರು. ಬಾಗಿಲಲ್ಲಿ ಹಿರಿಯ ಹೆಂಗಸೊಬ್ಬಳು ಬಲೆಯ ಗಂಟು ಬಿಡಿಸುತ್ತ ಕುಳಿತಿದ್ದಳು. ಅಂಗಳದ ಮೂಲೆಯಲ್ಲಿ ಸಣ್ಣದೊಂದು ಸಿಮೆಂಟಿನ ಕಟ್ಟೆ. ಅದರ ಮೇಲೆ ಇಂಜಿನ್.

ಅದು ಇಂಜಿನ್ ಎಂದು ನನಗೆ ಕೂಡಲೇ ಗೊತ್ತಾಯಿತು. ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿ ಮಿಂಚುತ್ತಿತ್ತು. ಬುಡ ಸಿಮೆಂಟಿನಲ್ಲಿ ಹುಗಿದಿತ್ತು. ಅಲ್ಲೇ ಕುಳಿತೆ.

"ಯಾರವ್ವಾ ನೀನು? ನೀರು ಕುಡಿತೀಯೇನು?" ಎಂದಳು ಆಕೆ.

ನೀರು ಕುಡಿದು, ಯಾರು, ಏಕೆ ಬಂದೆ ಎಲ್ಲ ಹೇಳಿದೆ. ಆಕೆ ಬಲೆ ಪಕ್ಕಕ್ಕಿಟ್ಟು ಕೇಳಿದಳು. ಆಮೇಲೆ ತನ್ನ ಮಗನ ವಿಷಯ ಹೇಳಿದಳು. ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹೊಡೆದು ಇಂಜಿನ್ ಕೂರಿಸಿದ್ದನಂತೆ. ಹೊಳೆ ತಗ್ಗಿದ್ದಾಗ ನಾಲ್ಕು ಸಲ ಆಚೆ ದಂಡೆಗೆ ಹೋಗಿ ಬಂದ. ಊರೆಲ್ಲ ನೋಡಲು ಸೇರಿತ್ತು. ಡ್ಯಾಮಿನಿಂದ ನೀರು ಬಿಟ್ಟು ಸೇತುವೆ ಮುಳುಗಿದ ಒಂದು ಮಳೆಗಾಲದಲ್ಲಿ, ಆಚೆ ಸಿಕ್ಕಿಕೊಂಡವರನ್ನು ಕರೆತರುತ್ತೇನೆಂದು, ಬೇಡವೆಂದರೂ ಕೇಳದೆ ಇಳಿದ.

"ಅವ ಮೂರು ದಿನದ ಮ್ಯಾಲೆ ಸಿಕ್ಕ. ಇದು ಜಾಲಿ ಕಂಟಿಯಾಗ ಸಿಕ್ಕಿಬಿದ್ದಿತ್ತು," ಎಂದು ಆಕೆ ಇಂಜಿನ್ ಕಡೆ ನೋಡಿದಳು. "ಯಾರರ ಹೊತ್ಕೊಂಡು ಹೋಗ್ತಾರಂತ ಸಿಮೆಂಟ್ ಹಾಕ್ಸಿದೆ. ಅಮಾಸಿಗೊಮ್ಮೆ ಹರಳೆಣ್ಣಿ ಹಚ್ತೀನಿ. ಇಲ್ಲಾಂದ್ರ ತುಕ್ಕು ತಿಂತೈತಿ."

ಆದರೂ ಇಂಜಿನ್ ಕೇಳಿದೆ. ಕೇಳದೆ ಬಸ್ಸು ಹತ್ತುವಷ್ಟು ದೊಡ್ಡತನ ನನ್ನಲ್ಲಿ ಉಳಿದಿರಲಿಲ್ಲ. ಆರ್‌ಸಿ ಪುಸ್ತಕದ ನಂಬರು ನನಗೆ ಬಾಯಿಪಾಠವಾಗಿತ್ತು. ಸೆರಗಿನಿಂದ ಒರೆಸಿ ನೋಡಿದೆ. ಮೊದಲಿನ ಅಂಕಿಗಳೆಲ್ಲ ಕೂಡುತ್ತಿದ್ದವು. ಕೊನೆಯ ಎರಡು ಸಿಮೆಂಟಿನ ಕೆಳಗೆ ಮುಚ್ಚಿಹೋಗಿದ್ದವು. ಅಲ್ಲಿಂದಲೇ ಬೆಂಗಳೂರಿನ ಹಿರಿಯರಿಗೆ ಫೋನ್ ಮಾಡಿದೆ.

"ಉಳಿ ಹಾಕಬೇಡಿ," ಎಂದರು ಅವರು. "ಒಂದೇಟು ತಪ್ಪಿದ್ರೆ ನಂಬರೇ ಹೋಗುತ್ತೆ. ಸಿಮೆಂಟ್ ಮುದ್ದೆ ಸಮೇತ ತನ್ನಿ. ನಾನು ಬಂದು ಅದನ್ನು ಕರಗಿಸಿ ನೋಡ್ತೀನಿ."

ನಾನು ಅದನ್ನೇ ಆಕೆಗೆ ಹೇಳಿದೆ. ಆಕೆ ಎದ್ದು ಹೋಗಿ ಇಂಜಿನ್ನಿನ ಮೇಲೆ ಕೈಯಿಟ್ಟು ನಿಂತಳು. ಹೊಳೆಯ ಕಡೆಯಿಂದ ಯಾರೋ ಬಟ್ಟೆ ಬಡಿಯುವ ಸದ್ದು ಬರುತ್ತಿತ್ತು.

"ನಿಮ್ದೇ ಇದ್ರ ಒಯ್ಯವ್ವಾ," ಎಂದಳು ಕೊನೆಗೆ. "ನಿಮ್ಮ ಮಾವಂದು ಇಟ್ಕೊಂಡು ನಾನೇನು ಮಾಡ್ಲಿ. ನಿಮ್ದಲ್ಲ ಅಂದ್ರ ನನ್ನ ಮಗಂದು. ತಿರುಗಿ ತಂದುಬಿಡು."

ನಾನು ಆಕೆಯ ಕೈಹಿಡಿದು ಆಯಿತೆಂದೆ. ಓಣಿಯ ಗೌಂಡಿಯೊಬ್ಬ ಬಂದು ಕಟ್ಟೆಯನ್ನು ಬುಡದಿಂದ ಒಡೆದು ಕೊಟ್ಟ. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೊರಟಾಗ ಆಕೆ ಬಾಗಿಲಿಗೆ ಬರಲಿಲ್ಲ.

ಆ ವಾರವೇ ಹಿರಿಯರು ಬಂದರು. ಇಂಜಿನ್ ಕಡ್ಡಿರಾಂಪುರದ ಹೋಂಸ್ಟೇಯ ಹಿಂದಿನ ಚಪ್ಪರದಲ್ಲಿತ್ತು. ಅವರು ತಂದಿದ್ದ ಯಾವುದೋ ದ್ರಾವಣವನ್ನು ಬಟ್ಟೆಯಲ್ಲಿ ಅದ್ದಿ ಸಿಮೆಂಟಿನ ಮೇಲೆ ಸುತ್ತಿದರು. "ನೆನೆಯೋಕೆ ಮೂರ್ನಾಲ್ಕು ಗಂಟೆ ಬೇಕು," ಎಂದರು. ಅಲ್ಲೇ ನಿಲ್ಲಲು ನನ್ನಿಂದ ಆಗಲಿಲ್ಲ. ಹಂಪಿಗೆ ಹೋಗುವ ಆಟೋ ಹತ್ತಿ, ವಿರೂಪಾಕ್ಷನಿಗೆ ಕೈಮುಗಿದು, ಬಜಾರಿನ ಕಲ್ಲುಮಂಟಪದಲ್ಲಿ ಬಂದು ಕುಳಿತೆ. ಏನು ಬೇಡಿಕೊಳ್ಳಬೇಕೆಂದು ಗೊತ್ತಾಗಲಿಲ್ಲ. ನಂಬರು ಕೂಡಲಿ ಎಂದು ಬೇಡಿದರೆ ಆ ತಾಯಿಯಿಂದ ಅದನ್ನು ಕಿತ್ತುಕೊಡು ಎಂದು ಬೇಡಿದ ಹಾಗೆ. ಆದರೂ ಬೇಡಿದೆ. ನನ್ನ ಮುಂದೆ ಜನ ಮಣಿಸರ ಕೊಳ್ಳುತ್ತಿದ್ದರು, ಎಳನೀರು ಕುಡಿಯುತ್ತಿದ್ದರು. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯುತ್ತಿತ್ತು. ಕೊನೆಯ ಎರಡು ಅಂಕಿಗಳನ್ನು ನಾನು ಜಪದ ಹಾಗೆ ಹೇಳಿಕೊಳ್ಳುತ್ತಲೇ ಇದ್ದೆ.

ತಿರುಗಿ ಬಂದಾಗ ಹಿರಿಯರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕುಳಿತಿದ್ದರು. ನನಗೆ ಅವರು ಹೇಳಬೇಕಾಗಿರಲಿಲ್ಲ.

"ಇದು ನಿಮ್ಮ ಗಾಡಿಯ ಜೋಡಿದಮ್ಮ," ಎಂದರು. "ಆ ಇನ್ನೊಂದರದ್ದು. ಕೊನೆಯ ಅಂಕಿಗಳು ಬೇರೆ ಇವೆ."

ನಾನು ಬಗ್ಗಿ ನೋಡಿದೆ. ಬೇರೆಯೇ ಇದ್ದವು. ಮತ್ತೆ ನೋಡಿದೆ. ಅಂದರೆ ಗುಜರಿಗೆ ಹೋದದ್ದು ನಮ್ಮದು.

"ಬೇಜಾರು ಮಾಡ್ಕೋಬೇಡಿ. ಇದಕ್ಕೂ ಬೆಲೆ ಇದೆ. ಅದೇ ಮಾಡೆಲ್ಲು, ಅದೇ ಗಣಿಯದು. ಇದನ್ನು ಕೂಡಿಸಿ ಗಾಡಿ ಕೊಟ್ಟರೆ ನಾನು ಮೊದಲು ಹೇಳಿದ ದೊಡ್ಡ ಬೆಲೆಯಲ್ಲಿ ಮುಕ್ಕಾಲು ಭಾಗ ಕೊಡ್ತೀನಿ."

"ಇದು ನಮ್ದಲ್ರಿ. ಅಲ್ಲದಿದ್ರ ತಿರುಗಿ ತರ್ತೀನಿ ಅಂದೀನಿ."

"ಆ ತಾಯಿಗೂ ನಾನೇ ದುಡ್ಡು ಕೊಡ್ತೀನಿ. ಕೇಳಿ ನೋಡಿ. ಬಲವಂತ ಇಲ್ಲ. ನಾಳೆವರೆಗೂ ಇಲ್ಲೇ ಇರ್ತೀನಿ."

ಕೇಳಲು ಫೋನ್ ಸಾಕಿತ್ತು. ಆದರೆ ಇಂಜಿನ್ ನನ್ನ ಹತ್ತಿರ ಇಟ್ಟುಕೊಂಡು ಕೇಳುವುದು ಕುತ್ತಿಗೆ ಹಿಡಿದು ಕೇಳಿದಂತಾಗುತ್ತದೆ ಅನ್ನಿಸಿತು. ಮರುದಿನ ಬೆಳಿಗ್ಗೆ ಅದನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಕಂಪ್ಲಿಗೆ ಹೊರಟೆ. ದಾರಿಯುದ್ದಕ್ಕೂ ನನಗೆ ಒಂದು ನಂಬಿಕೆ ಇತ್ತು. ತಿರುಗಿ ತಂದದ್ದನ್ನು ನೋಡಿದರೆ ಆಕೆಯ ಮನಸ್ಸು ಕರಗುತ್ತದೆ, ಇರಲಿ ಒಯ್ಯವ್ವಾ ಅನ್ನುತ್ತಾಳೆ ಎಂದು. ಹಾಗೆ ಅನ್ನಲಿ ಎಂದೇ ಒಯ್ಯುತ್ತಿದ್ದೆ.

ಆಕೆ ಅಂಗಳದಲ್ಲೇ ಇದ್ದಳು. ಕಟ್ಟೆ ಒಡೆದ ಜಾಗ ಹಾಗೆಯೇ ಇತ್ತು. ನಾನು ನಂಬರು ಕೂಡಲಿಲ್ಲವೆಂದು ಹೇಳಿದೆ.

"ಹಂಗಾದ್ರ ಇದು ನನ್ನ ಮಗಂದೇ," ಎಂದಳು. ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. ಆಟೋದವನಿಗೆ ಎಲ್ಲಿ ಇಳಿಸಬೇಕೆಂದು ಕೈ ತೋರಿಸಿದಳು.

ಬೆಂಗಳೂರಿನವರು ದುಡ್ಡು ಕೊಡುತ್ತಾರೆಂದೆ. ನನ್ನ ಗಂಡನಿಗೆ ಉಳಿದಿರುವ ಸಮಯ ಹೇಳಿದೆ. ಕೊನೆಗೆ ಕಾಲು ಹಿಡಿದೆ. ನಾನು ಯಾರ ಕಾಲನ್ನೂ ಹಾಗೆ ಹಿಡಿದವಳಲ್ಲ. ಆಕೆ ನನ್ನ ತೋಳು ಹಿಡಿದು ಎಬ್ಬಿಸಿದಳು.

"ನಿನ್ನ ಗಂಡ ಉಸಿರಾಡ್ತಾನವ್ವಾ," ಎಂದಳು. "ಕರದ್ರ ಓ ಅಂತಾನ. ನನಗ ಇದಷ್ಟ ಐತಿ."

ಆಮೇಲೆ ಒಳಗೆ ಹೋಗಿ ತಾಟಿನಲ್ಲಿ ಅನ್ನ, ಮೀನಿನ ಸಾರು ತಂದಿಟ್ಟಳು. "ಉಂಡು ಹೋಗು. ಮುಂಜಾನಿಂದ ಏನೂ ತಿಂದಿಲ್ಲ ನೀನು." ನಾನು ತಿಂದಿರಲಿಲ್ಲ ಎಂಬುದು ನಿಜ. ಕೂತು ಉಂಡೆ. ನಾನು ಉಣ್ಣುವಷ್ಟು ಹೊತ್ತೂ ಆಕೆ ದ್ರಾವಣದಿಂದ ಬೆಳ್ಳಗಾಗಿದ್ದ ಇಂಜಿನ್ನಿನ ಬುಡಕ್ಕೆ ಬೆರಳಿನಿಂದ ಎಣ್ಣೆ ಹಚ್ಚುತ್ತಿದ್ದಳು.

ಕಂಪ್ಲಿಯಿಂದ ಬರುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆಕೆಯ ಮೇಲೆ. ಸತ್ತವನಿಗೆ ಎಣ್ಣೆ ಹಚ್ಚಲು ಒಂದು ಕಲ್ಲು ಸಾಲದೇ ಅನ್ನಿಸಿತು. ಆ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ. ಆಕೆ ತಪ್ಪೇನೂ ಮಾಡಲಿಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ಹೋಗಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ನನ್ನನ್ನೇ ನೋಡುತ್ತ ಕೇಳಿಸಿಕೊಂಡರು.

"ನಂಬರ್ ಕೂಡೈತಿ ಅಂತ ಒಂದು ಮಾತು ಹೇಳಿದ್ರ ಆಕಿಗೆ ಏನು ಗೊತ್ತಾಗ್ತಿತ್ತು?" ಎಂದರು.

ನಾನು ದಿಂಬು ಸರಿಪಡಿಸಲು ಬಗ್ಗಿದೆ.

"ಹೇಳು. ಯಾರಿಗೆ ಗೊತ್ತಾಗ್ತಿತ್ತು?" ದನಿ ಏರಿತು. ಜೀವನದಲ್ಲಿ ಒಂದು ರೂಪಾಯಿಗೂ ಸುಳ್ಳು ಹೇಳದ ಮನುಷ್ಯ. ಕ್ರೇನಿನ ಕೆಲಸಕ್ಕೆ ಹೋಗುವಾಗ ಪಕ್ಕದವರ ಪಾಳಿಯ ಸಹಿ ಹಾಕು ಅಂದರೂ ಹಾಕದವರು. ಈಗ ಹಾಸಿಗೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು, "ನಾ ಎದ್ದು ನಿಲ್ಲೂದು ನಿನಗ ಬ್ಯಾಡೇನು?" ಎಂದು ಕೇಳಿದರು.

"ಬೇಕ್ರಿ," ಎಂದಷ್ಟೇ ಅಂದೆ. ಅವರು ಮುಖದ ಮೇಲೆ ತೋಳು ಅಡ್ಡ ಇಟ್ಟುಕೊಂಡರು. ಪಕ್ಕದ ಮನೆಯ ಅಕ್ಕ ಬಾಗಿಲವರೆಗೆ ಬಂದು, ಒಳಗೆ ಬರದೆ ತಿರುಗಿ ಹೋದಳು.

ಹಿರಿಯರು ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಕೊಂಡರು. ಎರಡನೆಯ ಬೆಲೆಗಿಂತ ಸ್ವಲ್ಪ ಹೆಚ್ಚೇ ಕೊಟ್ಟರು. ಅದು ಅವರ ಕರುಣೆಯೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಪಿಕಪ್ ವ್ಯಾನಿಗೆ ಗಾಡಿ ಹತ್ತಿಸುವ ಮೊದಲು ಒಳಗೆ ಬಂದು ನನ್ನ ಗಂಡನನ್ನು ಕೇಳಿದರು: "ಒಂದು ಸಲ ಸ್ಟಾರ್ಟ್ ಮಾಡಲಾ? ಕೇಳ್ತೀರಾ?"

"ಬ್ಯಾಡ್ರಿ," ಎಂದರು ಇವರು. "ಆ ಸದ್ದು ಅದರದ್ದಲ್ಲ."

ಆ ದುಡ್ಡಿಗೆ ಹೋಂಸ್ಟೇಯ ಮಾಲೀಕರು ಕೊಟ್ಟ ಮುಂಗಡ ಸೇರಿಸಿ ನಾವು ಬೆಂಗಳೂರಿಗೆ ಹೋದೆವು. ಅಲ್ಲಿ ಇವರು ಯಾರ ಆಸರೆಯೂ ಇಲ್ಲದೆ ಕೂರುವುದನ್ನು ಕಲಿತರು. ಹಾಸಿಗೆಯಿಂದ ಗಾಲಿಕುರ್ಚಿಗೆ ತಾವೇ ಜಾರಿಕೊಳ್ಳುವುದನ್ನು ಕಲಿತರು. ಒಂದು ದಿನ ಎಡಗಾಲಿನ ಹೆಬ್ಬೆರಳು ಅಲುಗಿತು. ವ್ಯಾಯಾಮ ಮಾಡಿಸುವ ಹುಡುಗಿ ಓಡಿಬಂದು ನನ್ನನ್ನು ಕರೆದಳು. "ಇದು ಒಳ್ಳೆ ಲಕ್ಷಣ, ಇನ್ನೂ ಆರು ತಿಂಗಳು ಇಲ್ಲೇ ಇದ್ದರೆ ನೋಡಬಹುದು," ಎಂದಳು. ನಾವು ಹೊರಡುವ ತಾರೀಕು ಅದರ ಮುಂದಿನ ವಾರದ್ದಾಗಿತ್ತು.

ಮನೆಯಲ್ಲಿ ವ್ಯಾಯಾಮವನ್ನು ನಾನೇ ಮಾಡಿಸಿದೆ. ಅವರು ಬರೆದುಕೊಟ್ಟ ಹಾಗೆಯೇ, ಒಂದು ದಿನವೂ ತಪ್ಪಿಸದೆ. ಹೆಬ್ಬೆರಳು ಅಲ್ಲಿಂದ ಮುಂದೆ ಹೋಗಲಿಲ್ಲ. ಮೊದಲನೇ ವರ್ಷ ಮುಗಿದ ದಿನ ನಾನು ಯಾರಿಗೂ ಹೇಳಲಿಲ್ಲ. ಇವರಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಅಂದು ಬೆಳಿಗ್ಗೆ ಕಾಲು ಎತ್ತಿಸುವಾಗ, "ಇವತ್ತ ಸಾಕು ಮಾಡು," ಎಂದರು.

ಈ ಸಲದ ಚಳಿಗಾಲದಲ್ಲಿ ಬೆಂಗಳೂರಿನ ಹಿರಿಯರು ಫೋನಿಗೆ ಒಂದು ಫೋಟೊ ಕಳಿಸಿದರು. ಯಾವುದೋ ಪ್ರದರ್ಶನ, ಹುಲ್ಲುಹಾಸಿನ ಮೇಲೆ ನಮ್ಮ ಗಾಡಿ. ಬಣ್ಣ ಹಾರಿದ ಟ್ಯಾಂಕು ಹಾಗೆಯೇ ಇತ್ತು. ಎಲ್ಲಿಂದಲೋ ಅದೇ ಜಾತಿಯ ಇಂಜಿನ್ ಹುಡುಕಿ ಕೂರಿಸಿದ್ದರು. ಸುತ್ತ ಜನ, ಒಬ್ಬ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದ.

ತೋರಿಸಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಫೋನನ್ನು ಇವರ ಕೈಗೆ ಕೊಟ್ಟೆ. ಅವರು ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ಹ್ಯಾಂಡಲು ನೋಡಿದರು, ಚಕ್ರ ನೋಡಿದರು, ಇಂಜಿನ್ ನೋಡಿದರು.

"ಚಂದ ಇಟ್ಟಾರ," ಎಂದು ಫೋನ್ ತಿರುಗಿ ಕೊಟ್ಟರು. ಆಮೇಲೆ, "ಬೆನ್ನು ಉರಿಯಾಕತ್ತೈತಿ, ಆ ಕಡಿ ಹೊಳ್ಳಿಸು," ಎಂದರು.

ನಾನು ಅವರನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಇಟ್ಟೆ.